ಸೈನಿಕರ ಆತ್ಮಹತ್ಯೆ ತಡೆ: ಸ್ವತಂತ್ರ ಮೇಲ್ವಿಚಾರಣೆ

ಸೇವೆಯಲ್ಲಿರುವ ಮತ್ತು ನಿವೃತ್ತ ಸೈನಿಕರ ಆತ್ಮಹತ್ಯೆ ತಡೆಯಲು ಸರ್ಕಾರ ಮಾಡುವ ಕೆಲಸವನ್ನು ಸೇನೆಗೂ ರಕ್ಷಣಾ ಇಲಾಖೆಗೂ ಅಧೀನವಲ್ಲದ ಸಂಸ್ಥೆ ಪರಿಶೀಲಿಸುವ ವ್ಯವಸ್ಥೆ. ಆಸ್ಟ್ರೇಲಿಯಾದಲ್ಲಿ ಸೈನಿಕರ ಆತ್ಮಹತ್ಯೆ ಕುರಿತು 2021ರಲ್ಲಿ ನೇಮಕವಾದ ರಾಯಲ್ ಕಮಿಷನ್ ಎಂಬ ವಿಚಾರಣಾ ಮಂಡಳಿ 2024ರ ಸೆಪ್ಟೆಂಬರ್‌ನಲ್ಲಿ 122 ಶಿಫಾರಸುಗಳನ್ನು ನೀಡಿತು. ಅದರಂತೆ 2025ರಲ್ಲಿ ಕಾಯ್ದೆಬದ್ಧ ಆಯೋಗವೇ ರಚನೆಯಾಯಿತು.

ಭಾರತದಲ್ಲಿ ಅಂಥ ಪ್ರತ್ಯೇಕ ಆಯೋಗವಿಲ್ಲ. ಹತ್ತಿರದ್ದೆಂದರೆ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ. ಸಶಸ್ತ್ರ ಪಡೆಗಳಲ್ಲಿನ ಒತ್ತಡ ನಿರ್ವಹಣೆ ಕುರಿತು ಅದು 2008ರಲ್ಲಿ ವರದಿ ಕೊಟ್ಟಿತು. ಸಮಿತಿ ಶಿಫಾರಸು ಮಾಡಬಲ್ಲದು, ಆದೇಶಿಸಲಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆ ತಡೆ ಕಾರ್ಯಕ್ರಮವನ್ನು ಸರ್ಕಾರಗಳ ಕರ್ತವ್ಯವಾಗಿಸಿದೆ.

ದೊಡ್ಡ ಕೊರತೆ ಎಣಿಕೆಯದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಸಾವುಗಳನ್ನು ಬೇರೆಯಾಗಿ ತೋರಿಸುತ್ತದೆ. ಮಾಜಿ ಸೈನಿಕರಿಗೆ ಪ್ರತ್ಯೇಕ ಕಾಲಂ ಇಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಪಿಂಚಣಿಯೊಂದಿಗೆ ಮರಳಿ ತೆಂಗಿನ ತೋಟ ಹಿಡಿದವರು ಲೆಕ್ಕದಲ್ಲಿ ರೈತರೋ ನಿವೃತ್ತರೋ ಆಗಿಬಿಡುತ್ತಾರೆ. ಕೊಬ್ಬರಿ ಧಾರಣೆ ಕುಸಿದಾಗಿನ ಸಾಲ, ನುಸಿಪೀಡೆ, ಕೊಳವೆಬಾವಿ ಬತ್ತುವ ಚಿಂತೆ ಅವರಿಗೂ ತಪ್ಪಿದ್ದಲ್ಲ. ಅದರ ಮೇಲೆ ಗಡಿಯ ನೆನಪುಗಳ ಭಾರ ಬೇರೆ. ಎಣಿಸದ ಸಾವಿಗೆ ಉತ್ತರ ಕೇಳುವವರಿಲ್ಲ. ಪ್ರತ್ಯೇಕ ಎಣಿಕೆಯೇ ಮೊದಲು ಆಗಬೇಕಾದ ಕೆಲಸ.

ನೆರವಿನ ದಾರಿಯೇನೋ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಬಿಂದು. ಸಶಸ್ತ್ರ ಪಡೆಗಳಿಗೆಂದೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಅದರ ಘಟಕ ತೆರೆಯಿತು. ಸಹಾಯವಾಣಿಯ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.