ಗಲಿಪೊಲಿ: ಲೆಕ್ಕಕ್ಕೆ ಸಿಗದವರು

1915ರ ಗಲಿಪೊಲಿ ದಂಡಯಾತ್ರೆಯ ಬಗ್ಗೆ ಓದುವಾಗ ‘ಹೀಗೆ ಮಾಡಿದ್ದರೆ’ ಎಂಬ ಮಾತು ನಮಗೆ ಹೆಜ್ಜೆ ಹೆಜ್ಜೆಗೂ ಎದುರಾಗುತ್ತದೆ. ಡಾರ್ಡನೆಲ್ಸ್ ಜಲಸಂಧಿಯನ್ನು ದಾಟಿ ಉಸ್ಮಾನಿಯಾ ರಾಜಧಾನಿ ಇಸ್ತಾಂಬುಲನ್ನು ಹಿಡಿಯುವುದು, ರಷ್ಯಾಕ್ಕೆ ಸಮುದ್ರದ ದಾರಿ ತೆರೆಯುವುದು ಬ್ರಿಟಿಷರು ಮತ್ತು ಫ್ರೆಂಚರ ಗುರಿಯಾಗಿತ್ತು. ಅದು ಈಡೇರಲಿಲ್ಲ. ಈಡೇರಬಹುದಾಗಿತ್ತೇ?

ಅವಕಾಶಗಳಂತೂ ಇದ್ದವು. ಮೊದಲ ತಪ್ಪು, ಗುಟ್ಟು ಬಿಟ್ಟುಕೊಟ್ಟದ್ದು. 1914ರ ನವೆಂಬರ್ 3ರಂದೇ ಹಡಗುಗಳು ಬಂದು ಜಲಸಂಧಿಯ ಬಾಯಲ್ಲಿದ್ದ ಕೋಟೆಗಳ ಮೇಲೆ ಗುಂಡು ಹಾರಿಸಿ ಹೋದವು. ತುರ್ಕರು ಎಚ್ಚೆತ್ತುಕೊಂಡರು. 1915ರ ಮಾರ್ಚ್ 18ರಂದು ನೌಕಾಪಡೆ ಒಳನುಗ್ಗಿದಾಗ ಮೂರು ಯುದ್ಧನೌಕೆಗಳು ಮುಳುಗಿದವು. ‘ನುಸ್ರತ್’ ಎಂಬ ಪುಟ್ಟ ಹಡಗು ಹತ್ತು ದಿನ ಮೊದಲು ಕತ್ತಲಲ್ಲಿ ಬಂದು ಅಲ್ಲಿ ಮೈನುಗಳನ್ನು ಇಟ್ಟು ಹೋಗಿತ್ತು.

ಎರಡನೆಯದು ಕಾಲಹರಣ. ಹಡಗುಗಳಲ್ಲಿ ಸಾಮಾನುಗಳನ್ನು ಅಡ್ಡಾದಿಡ್ಡಿ ತುಂಬಿದ್ದರಿಂದ ಅಲೆಕ್ಸಾಂಡ್ರಿಯಾಕ್ಕೆ ಒಯ್ದು ಇಳಿಸಿ ಮತ್ತೆ ತುಂಬಬೇಕಾಯಿತು. ಭೂಸೇನೆ ದಡಕ್ಕಿಳಿದದ್ದು ಏಪ್ರಿಲ್ 25ರಂದು. ಆ ಐದು ವಾರಗಳಲ್ಲಿ ತುರ್ಕರು ತಮ್ಮ ಪಡೆಗಳನ್ನು ಅಣಿಗೊಳಿಸಿದ್ದರು.

ಮೂರನೆಯ ಅವಕಾಶ ಆಗಸ್ಟಿನಲ್ಲಿ ಸುವ್ಲಾ ಕೊಲ್ಲಿಯಲ್ಲಿ ಬಂತು. ಇಳಿದವರು ಸುಮಾರು 20 ಸಾವಿರ, ಎದುರಿಗಿದ್ದವರು ಸುಮಾರು 1,500. ದಂಡನಾಯಕ ಸ್ಟಾಪ್‌ಫರ್ಡ್ ಹಡಗಿನಲ್ಲೇ ಉಳಿದ. ಎರಡು ದಿನ ಹಾಗೆಯೇ ಕಳೆಯಿತು. 9ರ ಬೆಳಗ್ಗೆ ಬ್ರಿಟಿಷರು ಬೆಟ್ಟ ಏರುವ ಹೊತ್ತಿಗೆ ತುರ್ಕರು ತುದಿ ತಲುಪಿದ್ದರು.

ಇದೆಲ್ಲ ಸರಿ. ಆದರೆ ಈ ‘ಆಗಿದ್ದರೆ’ಗಳಲ್ಲಿ ತುರ್ಕರು ಕೈಕಟ್ಟಿ ಕುಳಿತ ಬೊಂಬೆಗಳಂತೆ ಕಾಣುತ್ತಾರೆ. ಏಪ್ರಿಲ್ 25ರಂದು ಮುಸ್ತಫಾ ಕಮಾಲ್ ಮೇಲಿನವರ ಅಪ್ಪಣೆಗೆ ಕಾಯದೆ ತನ್ನ ಸೈನಿಕರನ್ನು ಬೆಟ್ಟದ ಮೇಲೆ ನಿಲ್ಲಿಸಿದ. ಲಂಡನ್ನಿನಲ್ಲಿ ಯೋಜನೆ ಹಾಕಿದವರು ಹಡಗು, ತೋಪುಗಳನ್ನು ಎಣಿಸಿದ್ದರು. ಮನೆಬಾಗಿಲು ಕಾಯುವವನ ಬುದ್ಧಿಯನ್ನಲ್ಲ. ನಮ್ಮ ದೃಷ್ಟಿಯಲ್ಲಿ ಸೋಲಿನ ಬೇರು ಇದೇ.

ಅದಕ್ಕೆ ಸಾಕ್ಷಿ ಅದೇ ಸೇನೆಯ ಹಿಂತೆಗೆತ. 1915ರ ಡಿಸೆಂಬರ್ ಮತ್ತು 1916ರ ಜನವರಿಯಲ್ಲಿ ಅವರು ರಾತ್ರಿ ಹೊತ್ತು ಸದ್ದಿಲ್ಲದೆ ಹೊರಟರು. ಡಬ್ಬದಿಂದ ನೀರು ತೊಟ್ಟಿಕ್ಕಿ ತಾನಾಗಿ ಸಿಡಿಯುವ ಬಂದೂಕುಗಳನ್ನು ಬಿಟ್ಟು ಹೋದರು. ಹೆಚ್ಚುಕಡಿಮೆ ಪ್ರಾಣಹಾನಿಯೇ ಆಗಲಿಲ್ಲ. ಎದುರಾಳಿಗೂ ಕಣ್ಣು, ಕಿವಿ ಇವೆಯೆಂದು ಒಪ್ಪಿಕೊಂಡ ದಿನ ಅವರ ಯೋಜನೆ ಗೆದ್ದಿತು.

ಲೆಕ್ಕಕ್ಕೆ ಸಿಗದ ಇನ್ನೂ ಕೆಲವರಿದ್ದರು. ಖಲೀಫರ ಸೇನೆಯ ವಿರುದ್ಧ ಮುಸ್ಲಿಮರು ಹೋರಾಡಿಯಾರೇ ಎಂಬ ಅನುಮಾನದಿಂದ ಎರಡು ಪಂಜಾಬಿ ಪಡೆಗಳನ್ನು ಅಲ್ಲಿಂದ ಬೇಗನೆ ಕಳುಹಿಸಲಾಯಿತು. ಆದರೆ ಪಂಜಾಬಿನ ಮುಸ್ಲಿಮರೂ ಇದ್ದ ಹೇಸರಗತ್ತೆ ದಳ ಉಳಿಯಿತು. ನೀರು, ಮದ್ದುಗುಂಡು ಹೊತ್ತು ಅವರು ತಿಂಗಳುಗಟ್ಟಲೆ ಆ ಕಡಿದಾದ ಬೆಟ್ಟ ಹತ್ತಿದರು. ಬಂದೂಕು ಕೊಡಲು ಇದ್ದ ಅನುಮಾನ ಹೊರೆ ಹೊರಿಸಲು ಇರಲಿಲ್ಲ. ಎರಡೂ ಕಡೆ ಸೇರಿ ಲಕ್ಷಕ್ಕೂ ಹೆಚ್ಚು ಮಂದಿ ಸತ್ತ ಆ ದಂಡಯಾತ್ರೆ ಒಂದು ವೇಳೆ ಗೆದ್ದಿದ್ದರೂ, ಅವರ ಹೊರೆ ಹಗುರವಾಗುತ್ತಿತ್ತೇ? ನಾವು ಕೇಳಬೇಕಾದ ‘ಆಗಿದ್ದರೆ’ ಇದು.