ಮುಖಗವಸಿಗೆ ಬಂದ ಮುದ್ರೆ

ಮುಖಗವಸಿನ ಮೇಲಿನ ‘ಎನ್95’ ಕಂಪನಿಯ ಹೆಸರಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾದ ಗುರುತು. ಈ ಪರೀಕ್ಷೆಯ ಮೂಲ ಆಸ್ಪತ್ರೆಯಲ್ಲಿಲ್ಲ, ಅಮೆರಿಕದ ಗಣಿಗಳಲ್ಲಿದೆ.

1907ರಲ್ಲಿ ಪಶ್ಚಿಮ ವರ್ಜೀನಿಯಾದ ಮೊನೊಂಗಾ ಕಲ್ಲಿದ್ದಲು ಗಣಿ ಸ್ಫೋಟಗೊಂಡು 362 ಮಂದಿ ಸತ್ತರು. ಇಂಥ ದುರಂತಗಳ ಬಳಿಕ 1910ರಲ್ಲಿ ಸರ್ಕಾರ ಗಣಿ ಬ್ಯೂರೋ ಸ್ಥಾಪಿಸಿತು. 1919ರಲ್ಲಿ ಬ್ಯೂರೋ ಉಸಿರಾಟದ ಉಪಕರಣಗಳಿಗೆ ಮೊದಲ ಮಾನದಂಡ ರೂಪಿಸಿತು. ಅದು ವಿಷಾನಿಲದ ನಡುವೆ ಇಳಿಯುವವರಿಗಾಗಿ ಇತ್ತು. ದೂಳಿನ ಮಾತು ಅದರಲ್ಲಿರಲಿಲ್ಲ.

1930ರಲ್ಲಿ ಅದೇ ರಾಜ್ಯದ ಹಾಕ್ಸ್ ನೆಸ್ಟ್‌ನಲ್ಲಿ ಸುರಂಗ ಕೊರೆಯುವ ಕೆಲಸ ಆರಂಭವಾಯಿತು. ಬಹುಪಾಲು ಕರಿಯರೇ ಆಗಿದ್ದ ಕಾರ್ಮಿಕರು ಮುಖಗವಸಿಲ್ಲದೆ ಸಿಲಿಕಾ ದೂಳನ್ನು ಉಸಿರಾಡಿದರು. ನೂರಾರು ಮಂದಿ ಸಿಲಿಕೋಸಿಸ್‌ಗೆ ಬಲಿಯಾದರು. ದೂಳು ತಡೆಯುವ ಮುಖಗವಸುಗಳಿಗೆ ಮಾನದಂಡ ಬಂದದ್ದು 1934ರಲ್ಲಿ.

ಇಂದಿನ ಗುರುತು 1995ರ ನಿಯಮದ್ದು. ‘ಎನ್’ ಎಂದರೆ ಎಣ್ಣೆಯ ಹನಿಗಳಿರುವ ಗಾಳಿಗೆ ತಕ್ಕುದಲ್ಲ. ‘95’ ಎಂದರೆ ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯಬೇಕು. ಭಾರತದಲ್ಲಿ ಕಣ ತಡೆಯುವ ಮುಖಗವಸುಗಳಿಗೆ ಐಎಸ್ 9473 ಎಂಬ ಮಾನದಂಡವಿದೆ.

ಆದರೆ ಮುದ್ರೆಯೊಂದೇ ಸಾಲದು. ಮುಖಕ್ಕೂ ಗವಸಿಗೂ ನಡುವೆ ಸಂದು ಉಳಿದರೆ ಸೋಸದ ಗಾಳಿ ಅಲ್ಲಿಂದಲೇ ಒಳನುಗ್ಗುತ್ತದೆ.