ಒತ್ತೆಯೋ ಖರೇದಿಯೋ: ಸೋಲಾಪುರ ಸೀಮೆಯ ಭೂ ಅಡಮಾನದ ಚರಿತ್ರೆ

ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡದಲ್ಲಿ ಹೊಲವನ್ನು ಒತ್ತೆ ‘ಇಡುತ್ತಾರೆ’, ಆಮೇಲೆ ‘ಬಿಡಿಸಿಕೊಳ್ಳುತ್ತಾರೆ’. ಮಾರುವುದಕ್ಕೆ ಬೇರೆಯೇ ಕ್ರಿಯಾಪದವಿದೆ. ಇಟ್ಟದ್ದು ಇಟ್ಟವನದಾಗಿಯೇ ಉಳಿಯುತ್ತದೆ, ಸಾಲ ತೀರಿದ ದಿನ ಅದು ಹಿಂದಕ್ಕೆ ಬರುತ್ತದೆ ಎಂಬ ತಿಳಿವಳಿಕೆ ಈ ಎರಡು ಕ್ರಿಯಾಪದಗಳ ಒಳಗೇ ಅಡಗಿದೆ. ಆದರೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಇದೇ ಸೀಮೆಯ ಕನ್ನಡ ರೈತ ಹೆಬ್ಬೆಟ್ಟು ಒತ್ತುತ್ತಿದ್ದ ಕಾಗದದ ಭಾಷೆ ಸಾಮಾನ್ಯವಾಗಿ ಮರಾಠಿ, ಲಿಪಿ ಮೋಡಿ. ಎಷ್ಟೋ ಸಲ ಆ ಕಾಗದದಲ್ಲಿ ಒತ್ತೆ ಎಂಬ ಮಾತಿನ ಜಾಗದಲ್ಲಿ ಖರೇದಿ ಎಂಬ ಮಾತಿರುತ್ತಿತ್ತು. ಬಾಯಿಯ ಮಾತು ಒತ್ತೆ, ಪತ್ರದ ಮಾತು ಖರೇದಿ ಆದಾಗ ನ್ಯಾಯಾಲಯ ಯಾವುದನ್ನು ನಂಬಬೇಕು? ಭಾರತದ ಅಡಮಾನ ಕಾನೂನು ಸುಮಾರು ನೂರು ವರ್ಷ ಈ ಪ್ರಶ್ನೆಗೆ ಒಂದಕ್ಕೊಂದು ಎದುರಾದ ಉತ್ತರಗಳನ್ನು ಕೊಡುತ್ತ ಬಂದಿತು. ಆ ಉತ್ತರಗಳಲ್ಲಿ ರೈತನ ಮಾತಿಗೆ ಹೆಚ್ಚು ಕಿವಿಗೊಟ್ಟ ಒಂದು ಕಾನೂನು ಮೊದಲು ಜಾರಿಗೆ ಬಂದ ನಾಲ್ಕು ಜಿಲ್ಲೆಗಳಲ್ಲಿ ಸೋಲಾಪುರವೂ ಒಂದು.

ಪ್ರಶ್ನೆ ಬ್ರಿಟಿಷರ ಕಾಲಕ್ಕಿಂತ ಹಳೆಯದು. ಈ ಸೀಮೆಗೆ ಹತ್ತಿರದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನು. ಸ್ಮೃತಿಯು ಒತ್ತೆಯನ್ನು ‘ಆಧಿ’ ಎಂದು ಕರೆಯುತ್ತದೆ. ಸಾಲ ಇಮ್ಮಡಿಯಾಗುವವರೆಗೂ ಬಿಡಿಸಿಕೊಳ್ಳದ ಆಧಿ ಕೈತಪ್ಪುತ್ತದೆ. ಅವಧಿ ಗೊತ್ತುಪಡಿಸಿ ಇಟ್ಟದ್ದು ಅವಧಿ ಮುಗಿದೊಡನೆ ಕೈತಪ್ಪುತ್ತದೆ. ಆದರೆ ಸಾಲ ಕೊಟ್ಟವನು ಫಲವನ್ನು ಉಣ್ಣುವ ಭೋಗ್ಯ ಮಾತ್ರ ಎಂದಿಗೂ ಕೈತಪ್ಪುವುದಿಲ್ಲ ಎಂಬುದು ಅಲ್ಲಿನ ನಿಯಮ. ಕನ್ನಡದ ದಸ್ತಾವೇಜುಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಭೋಗ್ಯ’ ಎಂಬ ಪದದ ಹಿಂದೆ ಈ ವಿಭಜನೆಯಿದೆ. ಆದ್ದರಿಂದ ಶಾಸ್ತ್ರ ಇಬ್ಬರ ಕೈಗೂ ಒಂದೊಂದು ಆಯುಧವನ್ನು ಕೊಟ್ಟಿತ್ತು: ಭೋಗ್ಯವೆಂದು ವಾದಿಸುವ ರೈತನಿಗೆ ಕೊನೆಯಿಲ್ಲದ ಹಕ್ಕು, ಅವಧಿ ಮೀರಿತೆಂದು ವಾದಿಸುವ ಸಾವುಕಾರನಿಗೆ ಪೂರ್ತಿ ಒಡೆತನ. ವ್ಯವಹಾರಕ್ಕೆ ಯಾವ ಹೆಸರು ಸಲ್ಲುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

19ನೆಯ ಶತಮಾನದಲ್ಲಿ ಈ ಹೆಸರಿನ ಜಗಳ ತೀವ್ರವಾದದ್ದು ಷರತ್ತಿನ ಕ್ರಯದ ಸುತ್ತ. ಗೊತ್ತಾದ ದಿನದೊಳಗೆ ಹಣ ಹಿಂತಿರುಗಿಸಿದರೆ ಹೊಲ ವಾಪಸು, ತಪ್ಪಿದರೆ ಅದು ಖಾಯಂ ಖರೇದಿ: ಇದು ಅದರ ಸ್ವರೂಪ. ಮುಂಬಯಿ ಪ್ರಾಂತದ ಮರಾಠಿ ಪ್ರದೇಶದಲ್ಲಿ ಇದಕ್ಕೆ ‘ಗಹಾಣ ಲಹಾಣ’ ಎಂಬ ಹೆಸರಿತ್ತು. ಮದರಾಸು ಕಡೆಯಲ್ಲಿ ‘ಮುದ್ದತು ಕ್ರಯ’ ಎನ್ನುತ್ತಿದ್ದರು. 1864ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ‘ರಾಮ್‌ಜಿ ವಿರುದ್ಧ ಚಿಂತೋ’ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಸಮನ್ಯಾಯ ತತ್ತ್ವವನ್ನು ಅನ್ವಯಿಸಿ, ಒಮ್ಮೆ ಅಡಮಾನವಾದದ್ದು ಎಂದಿಗೂ ಅಡಮಾನವೇ, ದಿನ ತಪ್ಪಿದ ಮಾತ್ರಕ್ಕೆ ಬಿಡಿಸಿಕೊಳ್ಳುವ ಹಕ್ಕು ಸಾಯದು ಎಂದು ತೀರ್ಮಾನಿಸಿತು. 1870ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮದರಾಸಿನಿಂದ ಬಂದ ಒಂದು ಮೇಲ್ಮನವಿಯಲ್ಲಿ ಇದಕ್ಕೆ ವಿರುದ್ಧವಾದ ನಿಲುವು ತಾಳಿತು: ಈ ದೇಶದ ಹಳೆಯ ಕಾನೂನಿನಲ್ಲಿ ಅಂಥ ತತ್ತ್ವವಿರಲಿಲ್ಲ, ಕರಾರು ಹೇಗೆ ಬರೆದಿದೆಯೋ ಹಾಗೆ ನಡೆಯಬೇಕು. ಆದರೂ ಮುಂಬಯಿ ಉಚ್ಚ ನ್ಯಾಯಾಲಯ ತನ್ನ ಹಿಂದಿನ ದಾರಿಯನ್ನು ಬಿಡಲಿಲ್ಲ. ಈ ಪ್ರಸಂಗದ ವಿಪರ್ಯಾಸ ಗಮನಿಸತಕ್ಕದ್ದು. ‘ಇಟ್ಟದ್ದು ಇಟ್ಟವನದೇ’ ಎಂಬ ಹಳ್ಳಿಯ ತಿಳಿವಳಿಕೆಗೆ ಸಮೀಪವಾಗಿದ್ದುದು ಇಂಗ್ಲೆಂಡಿನಿಂದ ತಂದ ತತ್ತ್ವ. ಅದನ್ನು ತಳ್ಳಿಹಾಕಲು ಬಳಕೆಯಾದದ್ದು ದೇಶೀಯ ಕಾನೂನಿನ ಹೆಸರು.

ಇಷ್ಟರಲ್ಲಿ ಸಾಲದ ಸ್ವರೂಪವೇ ಬದಲಾಗಿತ್ತು. 1855ರಲ್ಲಿ ಬಡ್ಡಿಯ ಮೇಲಿನ ಶಾಸನಬದ್ಧ ಮಿತಿಗಳು ರದ್ದಾಗಿದ್ದವು. 1859ರ ಕಾಲಮಿತಿ ಅಧಿನಿಯಮವು ನೋಂದಣಿಯಾಗದ ಸಾಲಪತ್ರಕ್ಕೆ 3 ವರ್ಷದ ಆಯುಷ್ಯವನ್ನು ಕೊಟ್ಟಿತು. ರೈತನಿಗೆ ರಕ್ಷಣೆಯಾಗಲೆಂದು ಬಂದ ಈ ಮಿತಿ ಅವನಿಗೇ ತಿರುಗಿಬಿದ್ದಿತು: ಅವಧಿ ಮುಗಿಯುವ ಮೊದಲೇ ಸಾವುಕಾರ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರವನ್ನು ಬರೆಸಿಕೊಳ್ಳತೊಡಗಿದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ ಹತ್ತಿಯ ಬೆಲೆ ಯುದ್ಧದ ನಂತರ ಕುಸಿಯಿತು; ಕಂದಾಯದ ಪರಿಷ್ಕರಣೆ ಅದರ ಮೇಲೆ ಬಂದಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾವುಕಾರರ ಅಂಗಡಿಗಳ ಮೇಲೆ ಬಿದ್ದರು. ಗಲಭೆ ಪುಣೆ ಮತ್ತು ಅಹ್ಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಹರಡಿತು. ಅವರ ಮುಖ್ಯ ಗುರಿ ಸಾಲಪತ್ರಗಳನ್ನು ಕಸಿದು ಸುಡುವುದು. ತಾವು ಓದಲಾಗದ, ಆದರೆ ನ್ಯಾಯಾಲಯದಲ್ಲಿ ತಮ್ಮ ಪರವಾಗಿ ತಾವಾಡಿದ್ದಕ್ಕಿಂತ ಹೆಚ್ಚು ಮಾತಾಡುವ ಕಾಗದವನ್ನು ಅವರು ಇಲ್ಲವಾಗಿಸಲು ಹೊರಟಿದ್ದರು.

ಗಲಭೆಯ ಕಾರಣಗಳನ್ನು ವಿಚಾರಿಸಲು ನೇಮಕವಾದ ಆಯೋಗದ ವರದಿಯ ಹಿನ್ನೆಲೆಯಲ್ಲಿ 1879ರ ದಖ್ಖಣ ಕೃಷಿಕರ ಪರಿಹಾರ ಅಧಿನಿಯಮ ಬಂದಿತು. ಅದರ ಮುಖ್ಯ ಭಾಗಗಳು ಮೊದಲು ಜಾರಿಯಾದದ್ದು ಪುಣೆ, ಸಾತಾರಾ, ಸೋಲಾಪುರ, ಅಹ್ಮದ್‌ನಗರ ಜಿಲ್ಲೆಗಳಲ್ಲಿ. ಪತ್ರದಲ್ಲಿ ಬರೆದ ಮೊತ್ತಕ್ಕೆ ಕಟ್ಟುಬೀಳದೆ, ವ್ಯವಹಾರ ಆರಂಭವಾದ ದಿನದಿಂದ ಲೆಕ್ಕವನ್ನು ತೆಗೆದು ನೋಡುವ ಅಧಿಕಾರ ಮತ್ತು ಹೊಣೆ ನ್ಯಾಯಾಲಯಕ್ಕೆ ಬಂದಿತು. ರಸೀತಿ ಕೊಡುವುದು, ಲೆಕ್ಕದ ವಿವರ ಕೊಡುವುದು ಸಾಲ ಕೊಟ್ಟವನ ಕರ್ತವ್ಯವಾಯಿತು. ಕೃಷಿಕ ಬರೆದುಕೊಡುವ ಸಾಲಪತ್ರವು ಗ್ರಾಮ ನೋಂದಣಿಕಾರನ ಎದುರು ಸಿದ್ಧವಾಗಬೇಕು ಎಂಬ ಏರ್ಪಾಡೂ ಅದರಲ್ಲಿತ್ತು. ಪತ್ರದ ಒಳಗೇನಿದೆ ಎಂಬುದು ಬರೆದುಕೊಡುವವನಿಗೆ ತಿಳಿದಿರಲಿ ಎಂಬುದೇ ಅದರ ಉದ್ದೇಶ.

ಸೋಲಾಪುರದ ಕನ್ನಡ ರೈತನ ತೊಡಕು ಎದ್ದು ಕಾಣುವುದು ಇಲ್ಲಿಯೇ. ಅಧಿನಿಯಮದ ಕಣ್ಣಮುಂದಿದ್ದುದು ಅಕ್ಷರ ಬಾರದ ರೈತ. ಅಕ್ಷರ ಬಾರದವನಿಗೆ ಪತ್ರವನ್ನು ಓದಿ ಹೇಳಿದರೆ ಅವನ ಕೊರತೆ ತುಂಬಿತು. ಪತ್ರದ ಭಾಷೆಯೇ ಮನೆಯ ಭಾಷೆಯಾಗಿಲ್ಲದವನಿಗೆ ಓದಿ ಹೇಳುವುದು ಅರ್ಧ ದಾರಿ ಮಾತ್ರ. ಗಡಿಸೀಮೆಯ ರೈತನಿಗೆ ಸಂತೆಯ ಮರಾಠಿ ಬರುತ್ತಿತ್ತು ನಿಜ. ಆದರೆ ಸಂತೆಯ ಮರಾಠಿ ಬೇರೆ, ಫಾರಸಿ ಪದಗಳಿಂದ ಗಟ್ಟಿಯಾದ ದಸ್ತಾವೇಜಿನ ಮರಾಠಿ ಬೇರೆ. ಮುಂದೆ 1908ರ ನೋಂದಣಿ ಅಧಿನಿಯಮದ 19ನೆಯ ಪ್ರಕರಣ ಭಾಷೆಯ ವಿಷಯವನ್ನು ನೇರವಾಗಿ ಎತ್ತಿಕೊಂಡಿತು. ದಸ್ತಾವೇಜಿನ ಭಾಷೆ ನೋಂದಣಿ ಅಧಿಕಾರಿಗೆ ತಿಳಿಯದಿದ್ದು, ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯಲ್ಲೂ ಇಲ್ಲದಿದ್ದರೆ, ಅನುವಾದ ಜೊತೆಗಿರಬೇಕು ಎಂದಿತು. ಆ ಪ್ರಕರಣ ಪತ್ರವನ್ನು ದಾಖಲಿಸುವವನ ತಿಳಿವಿಗೆ ಕಾಳಜಿ ವಹಿಸಿತು. ಪತ್ರದಿಂದ ಹೊಲ ಕಳೆದುಕೊಳ್ಳುವವನ ತಿಳಿವು ಅದರ ವ್ಯಾಪ್ತಿಗೆ ಬರಲಿಲ್ಲ.

1879ರ ಅಧಿನಿಯಮದ 22ನೆಯ ಪ್ರಕರಣವು, ನಿರ್ದಿಷ್ಟವಾಗಿ ಅಡಮಾನ ಮಾಡಿರದ ಹೊರತು ಕೃಷಿಕನ ಸ್ಥಿರಾಸ್ತಿಯನ್ನು ಸಾಲದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ ಎಂದಿತು. ಬರಿಯ ಸಾಲಪತ್ರದಿಂದ ಹೊಲ ಸಿಗದು ಎಂದಾದಾಗ ಸಾವುಕಾರ ಹೊಲವನ್ನೇ ಪತ್ರದಲ್ಲಿ ಕೇಳತೊಡಗಿದ. ಅಡಮಾನವಾದರೆ ನ್ಯಾಯಾಲಯ ಲೆಕ್ಕ ತೆಗೆಯುತ್ತದೆ; ಖರೇದಿಯಾದರೆ ತೆಗೆಯಲು ಲೆಕ್ಕವೇ ಇಲ್ಲ. ಹೀಗಾಗಿ ಖರೇದಿ ಪತ್ರ ಬರೆಸಿಕೊಂಡು, ಹಣ ಕೊಟ್ಟ ದಿನ ಹೊಲ ಬಿಟ್ಟುಕೊಡುವೆನೆಂದು ಬಾಯಿಮಾತಿನಲ್ಲಿ ಹೇಳುವ ಪದ್ಧತಿಗೆ ಎಡೆಯಾಯಿತು. ರಕ್ಷಣೆಯ ಕಾನೂನೇ ವ್ಯವಹಾರವನ್ನು ಪತ್ರದಿಂದ ಬಾಯಿಮಾತಿಗೆ ದೂಡಿತು.

ಆ ಬಾಯಿಮಾತಿಗೆ ಅಡ್ಡವಾಗಿ ನಿಂತದ್ದು 1872ರ ಸಾಕ್ಷ್ಯ ಅಧಿನಿಯಮದ 92ನೆಯ ಪ್ರಕರಣ. ಬರಹದಲ್ಲಿರುವ ಕರಾರನ್ನು ಅಲ್ಲಗಳೆಯಲು ಅಥವಾ ಬದಲಿಸಲು ಮೌಖಿಕ ಸಾಕ್ಷ್ಯ ಸಲ್ಲದು ಎಂಬುದು ಅದರ ಸಾರ. 1880ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಇದಕ್ಕೊಂದು ಕಿಂಡಿ ತೆರೆಯಿತು. ಮಾತನ್ನು ನೇರವಾಗಿ ಸಾಕ್ಷ್ಯವಾಗಿ ಒಪ್ಪಲು ಬಾರದಿದ್ದರೂ ಪಕ್ಷಗಾರರ ನಡವಳಿಕೆಯನ್ನು ನೋಡಬಹುದು, ನಡವಳಿಕೆ ಅಡಮಾನವನ್ನು ತೋರಿಸಿದರೆ ಕ್ರಯಪತ್ರವನ್ನು ಅಡಮಾನವೆಂದೇ ಎಣಿಸಬಹುದು ಎಂದಿತು. 1899ರಲ್ಲಿ ಪ್ರಿವಿ ಕೌನ್ಸಿಲ್ ‘ಬಾಲಕಿಷನ್ ದಾಸ್ ವಿರುದ್ಧ ಲೆಗ್’ ಮೊಕದ್ದಮೆಯಲ್ಲಿ, ಪಕ್ಷಗಾರರ ಉದ್ದೇಶವನ್ನು ತಿಳಿಯಲು ಇಂಥ ಮೌಖಿಕ ಸಾಕ್ಷ್ಯ ಬೇಡ, ಪತ್ರ ಮತ್ತು ಅದರ ಸುತ್ತಣ ಸಂದರ್ಭ ಸಾಕು ಎಂದಿತು. ಆ ಕಿಂಡಿ ಮುಚ್ಚಿತು. ಶಾಸಕಾಂಗವು ಅದನ್ನು ಬಾಗಿಲಾಗಿಯೇ ತೆರೆದದ್ದು 1907ರಲ್ಲಿ. ಆ ವರ್ಷ ಪರಿಹಾರ ಅಧಿನಿಯಮಕ್ಕೆ ಸೇರಿದ 10ಎ ಪ್ರಕರಣವು, ಸಾಕ್ಷ್ಯ ಅಧಿನಿಯಮದ 92ನೆಯ ಪ್ರಕರಣ ಏನೇ ಹೇಳಲಿ, ಕೃಷಿಕ ಪಕ್ಷಗಾರನಾಗಿರುವ ವ್ಯವಹಾರದ ನಿಜಸ್ವರೂಪವನ್ನು ವಿಚಾರಿಸಿ ನಿರ್ಣಯಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ ಎಂದು ಸಾರಿತು.

ಈ ಪ್ರಕರಣದ ಅರ್ಥ ಕಾನೂನಿನ ಆಚೆಗೂ ಚಾಚುತ್ತದೆ. ಬೆಲೆ ಹೊಲದ ಯೋಗ್ಯತೆಗೆ ತಕ್ಕದ್ದೇ, ‘ಮಾರಿದ’ ಮೇಲೂ ಉಳುಮೆ ಯಾರದು, ಕಂದಾಯ ಕಟ್ಟಿದವರಾರು, ಗೇಣಿಯೆಂದು ಕೊಟ್ಟ ಹಣ ಬಡ್ಡಿಯ ಲೆಕ್ಕಕ್ಕೆ ಸರಿಹೊಂದುತ್ತದೆಯೇ ಎಂಬ ಪ್ರಶ್ನೆಗಳು ಪತ್ರದ ವಾಕ್ಯಗಳಷ್ಟೇ ತೂಕ ಪಡೆಯುವಂತಾಯಿತು. ‘ನಾನು ಇಟ್ಟೆ, ಮಾರಲಿಲ್ಲ’ ಎಂಬ ಹೇಳಿಕೆಗೆ ನ್ಯಾಯಾಲಯದಲ್ಲಿ ಜಾಗ ಸಿಕ್ಕಿತು. ಭಾಷಾ ಅಲ್ಪಸಂಖ್ಯಾತರೆಂಬ ಪರಿಕಲ್ಪನೆ ಕಾನೂನಿಗೆ ಇನ್ನೂ ಪರಿಚಯವಾಗಿರದ ಕಾಲದಲ್ಲಿ, ಪತ್ರದ ಭಾಷೆ ತನ್ನದಲ್ಲದ ರೈತನಿಗೆ ತನ್ನ ಮಾತಿನಿಂದ ಪತ್ರವನ್ನು ಎದುರಿಸುವ ಅವಕಾಶ ಹೀಗೆ ದೊರೆಯಿತು. ಆದರೆ ಆ ಮಾತು ಮರಾಠಿಯಲ್ಲಿ ನಡೆಯುವ ಜಿಲ್ಲಾ ನ್ಯಾಯಾಲಯವನ್ನು ದಾಟಿ, ಮೇಲ್ಮನವಿಯಾದರೆ ಇಂಗ್ಲಿಷನ್ನು ತಲುಪಬೇಕಿತ್ತು. ಕನ್ನಡದ ಆಡುಮಾತಿನಲ್ಲಿ ‘ಹೊಲ ಕೊಟ್ಟೆ’ ಎಂಬುದು ಗೇಣಿಗೂ, ಒತ್ತೆಗೂ, ಮಾರಾಟಕ್ಕೂ ಸಲ್ಲುವ ಮಾತು. ಅನುವಾದದಲ್ಲಿ ಅದು ಯಾವ ಕಡೆಗೆ ವಾಲಿತು ಎಂಬುದು ಒಂದು ಮನೆತನದ ಅನ್ನದ ಪ್ರಶ್ನೆಯಾಗಬಹುದಿತ್ತು.

ಈ ಅವಕಾಶಕ್ಕೂ ಗಡಿಯಿತ್ತು. ಅಕ್ಕಲಕೋಟೆ ಮತ್ತು ಜತ್ತ ಸಂಸ್ಥಾನಗಳಾಗಿದ್ದವು. ಬ್ರಿಟಿಷ್ ಭಾರತದ ಅಧಿನಿಯಮಗಳು ಅಲ್ಲಿ ತಾವಾಗಿಯೇ ಜಾರಿಗೆ ಬರುತ್ತಿರಲಿಲ್ಲ. ಒಂದೇ ಮಾತು, ಒಂದೇ ಬಗೆಯ ಒತ್ತೆ, ಒಂದೇ ಸಂತೆಯ ಸಾವುಕಾರ ಇದ್ದರೂ ಹೊಲ ಯಾವ ಸೀಮೆಯಲ್ಲಿದೆ ಎಂಬುದರ ಮೇಲೆ ಕಾನೂನು ಬದಲಾಗುತ್ತಿತ್ತು. 1948ರ ಮಾರ್ಚಿನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು.

ದೇಶದ ಸಾಮಾನ್ಯ ಕಾನೂನು ಬೇರೆ ದಿಕ್ಕಿನಲ್ಲಿ ಸಾಗಿತ್ತು. 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಮುಂಬಯಿ ಪ್ರಾಂತಕ್ಕೆ ಅನ್ವಯಿಸಿದ್ದು 1893ರಿಂದ. ಅದರ 58ನೆಯ ಪ್ರಕರಣ ಷರತ್ತಿನ ಕ್ರಯವನ್ನು ಅಡಮಾನದ ಒಂದು ಬಗೆಯೆಂದು ಒಪ್ಪಿತು. 60ನೆಯ ಪ್ರಕರಣ ಬಿಡಿಸಿಕೊಳ್ಳುವ ಹಕ್ಕನ್ನು ಶಾಸನವಾಗಿಸಿತು. ಆದರೆ 1929ರ ತಿದ್ದುಪಡಿ, ವಾಪಸು ಕೊಡುವ ಷರತ್ತು ಕ್ರಯಪತ್ರದ ಒಳಗೇ ಬರೆದಿರದಿದ್ದರೆ ಅದು ಅಡಮಾನವಾಗದು ಎಂಬ ನಿಯಮವನ್ನು ಸೇರಿಸಿತು. ವ್ಯಾಜ್ಯಗಳನ್ನು ಕಡಿಮೆ ಮಾಡುವುದು ಅದರ ಉದ್ದೇಶವಾಗಿತ್ತು. 1954ರಲ್ಲಿ ವರದಿಯಾದ ‘ಚುಂಚುನ್ ಝಾ’ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ವಿವರಿಸಿತು: ಎರಡು ಬೇರೆ ಪತ್ರಗಳಾದರೆ ಅಡಮಾನವಲ್ಲ, ಒಂದೇ ಪತ್ರದಲ್ಲಿದ್ದು ಕಾನೂನಿನ ಲಕ್ಷಣಗಳು ಹೊಂದಿದರೆ ಸಾಮಾನ್ಯವಾಗಿ ಅಡಮಾನವೆಂದೇ ತಿಳಿಯಬೇಕು. ಪತ್ರದ ಪಠ್ಯ ಮತ್ತೆ ಮೇಲಾಯಿತು. ಪತ್ರದ ಹೊರಗೆ ಉಳಿದ ಮಾತು ಹೊರಗೇ ಉಳಿಯಿತು.

ಭೋಗ್ಯದ ಕಥೆ ಮಾತ್ರ ಹಳೆಯ ಜಾಡಿಗೆ ಮರಳಿದಂತಿದೆ. ಬಿಡಿಸಿಕೊಳ್ಳುವ ದಾವೆಗೆ ಇದ್ದ 60 ವರ್ಷದ ಕಾಲಮಿತಿಯನ್ನು 1963ರ ಅಧಿನಿಯಮ 30ಕ್ಕೆ ಇಳಿಸಿತು. ಆದರೆ 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ‘ಸಿಂಗ್ ರಾಮ್ ವಿರುದ್ಧ ಶಿಯೋ ರಾಮ್’ ಮೊಕದ್ದಮೆಯಲ್ಲಿ, ಭೋಗ್ಯದ ಅಡಮಾನದಲ್ಲಿ ಈ ಕಾಲಮಿತಿ ಪತ್ರ ಬರೆದ ದಿನದಿಂದ ಓಡುವುದಿಲ್ಲ ಎಂದು ಸ್ಪಷ್ಟಪಡಿಸಿತು. ಫಲ ಉಣ್ಣುವ ಒತ್ತೆ ಕೈತಪ್ಪದು ಎಂಬ ಸ್ಮೃತಿಯ ಮಾತಿಗೂ, ಇಟ್ಟದ್ದನ್ನು ಬಿಡಿಸಿಕೊಳ್ಳಬಹುದು ಎಂಬ ಹಳ್ಳಿಯ ಮಾತಿಗೂ ಇದು ಹತ್ತಿರ.

ಆದ್ದರಿಂದ ಗಡಿಸೀಮೆಯ ಭೂಚರಿತ್ರೆಯನ್ನು ಬರೆಯುವವರಿಗೆ ನೋಂದಣಿ ಪುಸ್ತಕ ಅಗತ್ಯವಾದ ಆಕರ, ಆದರೆ ಸಾಲದ ಆಕರ. ಅಲ್ಲಿ ಖರೇದಿ ಎಂದು ಎಣಿಕೆಯಾದ ಪ್ರತಿಯೊಂದು ಪತ್ರವನ್ನೂ ಮಾರಾಟವೆಂದೇ ಎಣಿಸಿದರೆ, 1907ರಲ್ಲಿ ನ್ಯಾಯಾಲಯಕ್ಕೆ ಬೇಡವೆಂದು ಶಾಸನ ಹೇಳಿದ ತಪ್ಪನ್ನು ಚರಿತ್ರಕಾರ ಮಾಡಿದಂತಾಗುತ್ತದೆ. ಮೋಡಿಯ ಕಟ್ಟುಗಳನ್ನು ಓದುವುದರ ಜೊತೆಗೆ, ‘ಅಜ್ಜ ಇಟ್ಟಿದ್ದ ಹೊಲ’ ಎಂದು ಮನೆಗಳಲ್ಲಿ ಇನ್ನೂ ಆಡುವ ಮಾತನ್ನೂ ದಾಖಲೆಯಾಗಿ ಬರೆದಿಟ್ಟುಕೊಳ್ಳಬೇಕಾಗಿದೆ. ಪತ್ರ ಖರೇದಿ ಎನ್ನುವಲ್ಲಿ ಮಾತು ಇನ್ನೂ ಒತ್ತೆ ಎನ್ನುತ್ತಿದ್ದರೆ, ವ್ಯವಹಾರದ ನಿಜಸ್ವರೂಪದ ವಿಚಾರಣೆ ಅಲ್ಲಿಂದಲೇ ಆರಂಭವಾಗಬೇಕು.